ಎಲ್ಬೋ ಕೊಡುವ ಮೊದಲು ನಕ್ಷೆ ಕೇಳಿದ ಅಂಗಡಿ

ಮೊದಲೇ ಹೇಳಿಬಿಡ್ತೀನಿ, ಅಂಗಡಿ ಹೆಸರು ಹಾಕುತ್ತಿಲ್ಲ. ಹಾಕಲಾ ಎಂದು ಕೇಳಿದ್ದಕ್ಕೆ ಅಂಗಡಿಯ ಕಾಕಾ "ಬ್ಯಾಡ್ರಿ ಅಕ್ಕಾರ, ಈಗ ಬರೋ ಗಿರಾಕಿಗೇ ಉತ್ತರ ಕೊಡಲಿಕ್ಕ ಆಗಲ್ದಂಗ ಆಗ್ಯಾದ" ಎಂದರು. ಕಲಬುರಗಿ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿ, ಬಾಗಿಲ ಮುಂದೆ ಬಿಳಿ ಪೈಪು ನಿಲ್ಲಿಸಿರುವ ಹಾರ್ಡ್‌ವೇರ್ ಅಂಗಡಿ. ಅಂಥ ಅಂಗಡಿ ಅಲ್ಲಿ ಸುಮಾರು ಇವೆ, ಗೊತ್ತು. ಒಳಗೆ ಹೋದ ಕೂಡಲೇ ಸಾಮಾನು ಕೊಡದೆ ಪೆನ್ಸಿಲ್ ಕೊಟ್ಟರೆ ಅದೇ ಅಂಗಡಿ ಅಂದುಕೊಳ್ಳಿ.

ನಮ್ಮ ಮನೆ ಸೇಡಂ ರಸ್ತೆ ಕಡೆ. ಕೆಳಗೆ ಅತ್ತೆಯವರು, ಮೇಲೆ ನಾವು. ಮೇಲಿನ ಮನೆ ಕಟ್ಟಿ ಮೂರು ವರ್ಷ. ಮೂರು ವರ್ಷದಿಂದಲೂ ಒಂದೇ ಗೋಳು, ಕೆಳಗಿನ ಬಚ್ಚಲಲ್ಲಿ ನಳ ತಿರುವಿದರೆ ಬಕೆಟ್ಟು ಹಾರಿಬೀಳುವ ಹಾಗೆ ನೀರು, ಮೇಲೆ ಶವರ್ ಕೆಳಗೆ ನಿಂತರೆ ಒಂದೊಂದು ತೂತಿಂದ ಒಂದೊಂದು ಹನಿ. ನೀರಿನ ಟಾಕಿ ಇರೋದು ನಮ್ಮ ತಲೆಯ ಮೇಲೇ! ಮಾಳಿಗೆ ಮೇಲೆ ಎರಡು ಅಡಿ ಕಟ್ಟೆ ಕಟ್ಟಿ ಕೂರಿಸಿದ್ದೇವೆ. ಹತ್ತಿರ ಇರುವವರಿಗೆ ನೀರಿಲ್ಲ, ದೂರದವರಿಗೆ ಧಾರಾಳ. ಮನೆ ಕಟ್ಟಿದಾಗ ಕೆಲಸ ಮಾಡಿದ ಪ್ಲಂಬರ್‌ನ ಕರೆದು ಕೇಳಿದರೆ "ಪ್ರೆಷರ್ ಪಂಪ್ ಹಾಕ್ಸರಿ" ಎಂದು 14 ಸಾವಿರ ಹೇಳಿ ಹೋದ. ಬೇರೆಯೊಬ್ಬರು ಟಾಕಿ ಇನ್ನೂ ನಾಲ್ಕು ಅಡಿ ಎತ್ತಿಸಿ ಎಂದರು. ಎರಡಕ್ಕೂ ದುಡ್ಡು ಕೂಡಿಸುತ್ತಾ ಕೂತಿದ್ದೆ.

ಈ ಅಂಗಡಿಗೆ ಹೋಗಿದ್ದು ಬೇರೆ ಕೆಲಸಕ್ಕೆ. ಅಡುಗೆಮನೆ ನಳದ ಹಿಂದೆ ಗೋಡೆಯಲ್ಲಿ ಒಂದು ಎಲ್ಬೋ (ಪೈಪು ಮೂಲೆ ತಿರುಗಿಸುವ ತುಂಡು) ಸೀಳಿತ್ತು, ಅದನ್ನು ತರಬೇಕಿತ್ತು. ಹೆಂಗಸರು ಹಾರ್ಡ್‌ವೇರ್ ಅಂಗಡಿಗೆ ಹೋದರೆ ಏನಾಗುತ್ತೆ ಅಂತ ಹೋದವರಿಗೇ ಗೊತ್ತು. "ಮನ್ಯಾಗ ಸರ ಇಲ್ಲೇನ್ರಿ, ಅವ್ರಿಗ್ ಫೋನ್ ಹಚ್ಚಿ ಕೊಡ್ರಿ" ಅನ್ನುತ್ತಾರೆ. ಈ ಕಾಕಾ ಹಾಗೆ ಅನ್ನಲಿಲ್ಲ. ಸೀಳಿದ ಎಲ್ಬೋ ಕೈಗೆ ತಗೊಂಡು ಕನ್ನಡಕ ಹಣೆಗೇರಿಸಿ ನೋಡಿ, "ಇದು ಖಾಲಿ ಪ್ಲಾಸ್ಟಿಕ್ ಚೂಡಿದು. ನಳ ತಿರುವಿ ಬಿಗಿ ಮಾಡಿದಾಗ ಇದು ಸೀಳದೇ ಇನ್ನೇನ್ ಮಾಡ್ತದ? ಬ್ರಾಸ್ ಎಲ್ಬೋ ಒಯ್ರಿ" ಎಂದರು. ಅಂದರೆ ಹೊರಗೆ ಸಿಪಿವಿಸಿ ಅನ್ನೋ ಪ್ಲಾಸ್ಟಿಕ್, ಒಳಗೆ ನಳ ತಿರುವಿ ಕೂರಿಸುವ ಚೂಡಿ (ಥ್ರೆಡ್) ಮಾತ್ರ ಹಿತ್ತಾಳೆ. ಖಾಲಿ ಎಲ್ಬೋಗಿಂತ ಆರೇಳು ಪಟ್ಟು ರೇಟು. ಆದರೆ ಗೋಡೆಯೊಳಗೆ ಹೋಗುವ ವಸ್ತುವಿಗೆ ಚೌಕಾಶಿ ಮಾಡಬಾರದು ಅಂತ ಈಗ ಬುದ್ಧಿ ಬಂದಿದೆ, ಟೈಲ್ಸ್ ಒಡೆಸಿದ ಮೇಲೆ.

ದುಡ್ಡು ಕೊಡುವಾಗ ಸುಮ್ನೆ ಬಾಯಿ ಬಿಟ್ಟೆ, ನಿಮ್ಮಲ್ಲಿ ಪ್ರೆಷರ್ ಪಂಪ್ ಇದೆಯಾ ಅಂತ. ಇಟ್ಟಿದ್ದರು. ಎರಡು ಕಂಪನಿಯದು, ಬಾಕ್ಸು ಎದುರಿಗೇ ಇತ್ತು. ಮಾರಬಹುದಿತ್ತು. "ಪಂಪ್ ಆಮ್ಯಾಲ ನೋಡೂಣು. ಟಾಕಿಯಿಂದ ಶವರ್‌ತನಕ ನೀರು ಎಷ್ಟು ಸಲ ತಿರುಗ್ತದ, ಹೇಳ್ರಿ" ಎಂದರು. ನನಗೇನು ಗೊತ್ತು! "ಮನಿಗ್ ಹೋಗಿ ಎಣಿಸಿ, ಚಿತ್ರ ಬರಕೊಂಡು ಬರ್ರಿ" ಎಂದು ಬಿಲ್ಲಿನ ಹಾಳೆ, ಮೊಂಡು ಪೆನ್ಸಿಲ್ ಕೈಗಿಟ್ಟರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಮಕ್ಕಳಿಗೆ ಹೋಂವರ್ಕ್ ಕೊಡುವವಳು. ಹಾರ್ಡ್‌ವೇರ್ ಅಂಗಡಿಯಿಂದ ಹೋಂವರ್ಕ್ ತಂದಿದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಮಾಳಿಗೆ ಹತ್ತಿ ಎಣಿಸಿದೆ. ಟಾಕಿಯಿಂದ ಹೊರಬಂದ ಮುಕ್ಕಾಲು ಇಂಚಿನ ಪೈಪು ಮೊದಲು ಎಡಕ್ಕೆ, ಆಮೇಲೆ ಪ್ಯಾರಾಪೆಟ್ ಗೋಡೆ ಹತ್ತಿ ಇಳಿದು, ಬೀಮ್ ಬಂತೆಂದು ಒಂದು ಸುತ್ತು ಹಾಕಿ, ಕೆಳಗಿನ ಮನೆಯ ಲೈನಿನ ಜೊತೆ ಸೇರಿ, ಮತ್ತೆ ಬೇರೆಯಾಗಿ ಬಚ್ಚಲ ಗೋಡೆ ಹೊಕ್ಕಿತ್ತು. ಒಟ್ಟು 9 ಎಲ್ಬೋ. ಅಡ್ಡ ಕವಲಿನಿಂದ ನೀರು ಹೋಗುವ, ಮೂರು ಬಾಯಿಯ ಟೀ 2. ಮಧ್ಯೆ ಒಂದು ಹಳೇ ಮಾದರಿಯ ಚಕ್ರದ ವಾಲ್ವ್. ಪೈಪಿನ ಉದ್ದ ಅಳೆದರೆ ಬರೀ 28 ಅಡಿ.

ಸೋಮವಾರ ಶಾಲೆ ಮುಗಿಸಿ ಚಿತ್ರ ಒಯ್ದೆ. ಕಾಕಾ ನೋಡಿ ನಕ್ಕರು. "ಇದು ಪೈಪ್ ಏನ್ರೀ, ಜಾತ್ರ್ಯಾಗ ಕಳದ ಹುಡುಗ ತಿರುಗಿದಂಗ ತಿರುಗ್ಯಾದ" ಎಂದರು. ಆಮೇಲೆ ಲೆಕ್ಕ ಹೇಳಿದರು. ಮುಕ್ಕಾಲು ಇಂಚಿನ ಒಂದು 90 ಡಿಗ್ರಿ ಎಲ್ಬೋ ಎಂದರೆ ಎರಡು ಅಡಿ ನೇರ ಪೈಪು ಹಾಕಿದಷ್ಟು ಅಡ್ಡಿ. ಟೀಯ ಅಡ್ಡ ಬಾಯಿಂದ ನೀರು ತಿರುಗಿದರೆ ನಾಲ್ಕು ಅಡಿ. ಕಾಕಾಗೆ ಇದು ಅನುಭವದಿಂದ ಗೊತ್ತು. ನನಗೆ ನಂಬಿಕೆ ಬರಲಿಲ್ಲ. ನಮ್ಮ ಅಕ್ಕನ ಮಗ ಎಂಜಿನಿಯರಿಂಗ್ ಓದಿದವನು, ಅವನ ಪುಸ್ತಕ ತೆಗೆಸಿದೆ. ಅಲ್ಲಿ ಇದನ್ನು ಪೈಪಿನ ಅಗಲದ ಎಷ್ಟು ಪಟ್ಟು ಉದ್ದ ಅಂತ ಕೊಟ್ಟಿದ್ದಾರೆ. ಸಾಮಾನ್ಯ ಎಲ್ಬೋಗೆ 30 ಪಟ್ಟು, ಟೀಯ ಕವಲಿಗೆ 60, 45 ಡಿಗ್ರಿ ಎಲ್ಬೋಗೆ 16. ಮುಕ್ಕಾಲು ಇಂಚು ಅಂದರೆ ಹೆಚ್ಚುಕಡಿಮೆ 20 ಮಿಲಿಮೀಟರ್, 30ರಿಂದ ಗುಣಿಸಿದರೆ 600 ಮಿಲಿಮೀಟರ್, ಎರಡು ಅಡಿ. ಕಾಕಾ ಹೇಳಿದ್ದು ಸರಿಯಾಗಿ ಕೂತಿತು.

ಆದರೆ ನಿಜವಾದ ಕಳ್ಳ ಚಕ್ರದ ವಾಲ್ವ್. ಅದು ಗ್ಲೋಬ್ ವಾಲ್ವ್. ಒಳಗೆ ನೀರು ಒಮ್ಮೆ ಮೇಲಕ್ಕೆ ತಿರುಗಿ, ಒಂದು ಕಿಂಡಿ ದಾಟಿ, ಮತ್ತೆ ತಿರುಗಿ ಹೊರಗೆ ಬರಬೇಕು. ಪೂರ್ತಿ ತೆರೆದಿಟ್ಟರೂ 340 ಪಟ್ಟು. ಅಂದರೆ 22 ಅಡಿ ಪೈಪಿಗೆ ಸಮ! ಅದೇ ಜಾಗದಲ್ಲಿ ಹಿಡಿಕೆ ತಿರುಗಿಸುವ ಬಾಲ್ ವಾಲ್ವ್ ಹಾಕಿದರೆ 3 ಪಟ್ಟು, ಎರಡೂವರೆ ಇಂಚು ಕೂಡ ಆಗಲ್ಲ. ಈಗ ಕೂಡಿಸಿ ನೋಡಿ. ಎಲ್ಬೋ 18 ಅಡಿ, ಟೀ 8 ಅಡಿ, ವಾಲ್ವ್ 22 ಅಡಿ, ಒಟ್ಟು 48. ಕಣ್ಣಿಗೆ ಕಾಣುವ ಪೈಪು 28 ಅಡಿ, ನೀರಿನ ಲೆಕ್ಕದಲ್ಲಿ 76 ಅಡಿ. ನಾನು ಮೂರು ವರ್ಷ ಟಾಕಿ ತಲೆ ಮೇಲೆ ಇದೆ ಅಂದುಕೊಂಡಿದ್ದೆ, ನೀರಿನ ಪಾಲಿಗೆ ಅದು ಮುಂದಿನ ಓಣಿಯಲ್ಲಿತ್ತು.

ತಿರುವಿನಲ್ಲಿ ಅಷ್ಟೇಕೆ ಅಡ್ಡಿ ಅಂತ ನನ್ನ ಮಗಳೇ ಕೇಳಿದಳು. ನೀರಿಗೆ ತಿರುಗಲು ಮನಸ್ಸಿಲ್ಲ, ನೇರ ಹೋಗುತ್ತಿರುತ್ತೆ. ಎಲ್ಬೋ ಬಂದಾಗ ಹೊರಗಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಒಳಮೂಲೆ ಚೂಪಾಗಿದ್ದರೆ ಅಲ್ಲಿ ನೀರು ಗೋಡೆ ಬಿಟ್ಟು ಹಾರುತ್ತದೆ, ಆ ಖಾಲಿ ಜಾಗದಲ್ಲಿ ಸುಳಿ ಏಳುತ್ತದೆ. ಸುಳಿ ನೀರನ್ನು ಮುಂದೆ ಒಯ್ಯುವುದಿಲ್ಲ, ಸುಮ್ನೆ ಶಕ್ತಿ ತಿನ್ನುತ್ತದೆ. ಅಷ್ಟೇ ಆಗಿದ್ದರೆ ಸರಿ, ತಿರುವು ದಾಟಿದ ಮೇಲೂ ನೀರು ಹುರಿಯ ಹಾಗೆ ತಿರುಚಿಕೊಂಡು ಸ್ವಲ್ಪ ದೂರ ಹೋಗುತ್ತದೆ. ಮಧ್ಯದ ನೀರು ಜೋರಾಗಿರುತ್ತೆ, ಅದು ಹೊರಗೋಡೆಗೆ ಹೋಗುತ್ತದೆ. ಗೋಡೆಗಂಟಿದ ನೀರು ನಿಧಾನ, ಅದು ಅಂಚಿನಿಂದ ಒಳಕ್ಕೆ ವಾಪಸ್ ಬರುತ್ತದೆ. ಚಹಾ ಪುಡಿ ಉಳಿದ ಲೋಟ ಚಮಚದಿಂದ ತಿರುವಿ ಬಿಡಿ, ಪುಡಿ ಅಂಚಿಗೆ ಹೋಗೋದು ಬಿಟ್ಟು ತಳದಲ್ಲಿ ನಡುವೆ ಬಂದು ಗುಡ್ಡೆಯಾಗುತ್ತದೆ, ಅಲ್ವಾ? ಅದೂ ಇದೇ ಆಟ. ಐನ್‌ಸ್ಟೈನ್ 1926ರಲ್ಲಿ ಇದನ್ನೇ ಹಿಡಿದು ನದಿಗಳು ಯಾಕೆ ಅಂಕುಡೊಂಕಾಗುತ್ತವೆ ಅಂತ ವಿವರಿಸಿದ್ದರು. ಗಾಣಗಾಪುರಕ್ಕೆ ಹೋದಾಗ ಭೀಮೆಯ ದಂಡೆಯಲ್ಲಿ ನಡೆದು ನೋಡಿ. ಹೊಳೆ ತಿರುಗುವ ಕಡೆ ಹೊರದಂಡೆ ಕೊರೆದಿರುತ್ತದೆ, ಒಳದಂಡೆಗೆ ಉಸುಕು ಕೂತಿರುತ್ತದೆ. ಮಗಳಿಗೆ ಅಮಾವಾಸ್ಯೆಗೆ ಹೋದಾಗ ತೋರಿಸುತ್ತೇನೆ ಎಂದಿದ್ದೇನೆ.

ಇನ್ನೊಂದು ಮಾತು. ಈ ಅಡ್ಡಿ ನೀರಿನ ವೇಗದ ವರ್ಗದ ಜೊತೆ ಏರುತ್ತದೆ. ವೇಗ ಎರಡರಷ್ಟಾದರೆ ನಷ್ಟ ನಾಲ್ಕರಷ್ಟು. ಅದಕ್ಕೇ ಪೈಪು ಅಗಲ ಮಾಡಿದರೆ ಲಾಭ ಜಾಸ್ತಿ, ಅಷ್ಟೇ ನೀರು ನಿಧಾನ ಹರಿಯುತ್ತದೆ. ಒತ್ತಡ ಬೇಕೆಂದು ಪೈಪು ಸಣ್ಣದು ಮಾಡುವವರಿದ್ದಾರೆ, ನಮ್ಮ ಹಳೇ ಪ್ಲಂಬರ್ ಕೂಡ ಹಾಗೇ ಅಂದಿದ್ದ. ತುದಿಯಲ್ಲಿ ಬೆರಳಿಟ್ಟು ಚಿಮ್ಮಿಸುವುದಕ್ಕೂ ಇಡೀ ದಾರಿ ಕಿರಿದು ಮಾಡುವುದಕ್ಕೂ ವ್ಯತ್ಯಾಸ ಇದೆ ಮಾರಾಯ್ರೇ.

ಕಾಕಾ ನನ್ನ ಚಿತ್ರದ ಮೇಲೇ ಗೀಟು ಹೊಡೆದರು. ಟಾಕಿಯಿಂದ ಬಚ್ಚಲ ಗೋಡೆತನಕ ಒಂದು ಇಂಚು ಪೈಪು, ಅಲ್ಲಿಂದ ಮುಕ್ಕಾಲು. ಕೆಳಗಿನ ಮನೆಗೆ ಟಾಕಿಯಿಂದಲೇ ಬೇರೆ ಲೈನು, ಹಾಗಾಗಿ ಒಂದು ಟೀ ಹೋಯಿತು. ಬೀಮ್ ಹತ್ತಿರ ಎರಡು 90 ಬದಲು ಎರಡು 45. ಇಲ್ಲಿ ನಾನು ಜಾಣತನ ತೋರಿಸಲು ಹೋದೆ, ಹಾಗಾದರೆ ಎಲ್ಲ ಮೂಲೆಗೂ ಎರಡೆರಡು 45 ಹಾಕೋಣ ಅಂತ. "ಒಂದು ಮೂಲಿಗಿ ಎರಡು 45 ಹಾಕಿದ್ರ ಒಂದು 90ಕ್ಕ ಆಗೋದೇ ಆಗ್ತದ, ನಿಮಗ್ ಮ್ಯಾಲಿನ ಖರ್ಚು" ಎಂದರು. ಹೌದು, 16ರ ಎರಡರಷ್ಟು 32, ಅಲ್ಲಿಗೆ ಅಲ್ಲಿಗೇ. ಪಕ್ಕಕ್ಕೆ ಸರಿದು ಮತ್ತೆ ಅದೇ ದಿಕ್ಕಿಗೆ ಹೋಗಬೇಕಾದಾಗ ಮಾತ್ರ 45ರ ಲಾಭ, ಎರಡು 90ರ ಕೆಲಸ ಎರಡು 45 ಮಾಡುತ್ತವೆ. ನಿಜವಾಗಿ ಮೂಲೆ ತಿರುಗಬೇಕಾದ ಕಡೆ ಲಾಂಗ್ ಬೆಂಡ್ ಕೊಟ್ಟರು. ಎಲ್ಬೋ ಮಡಚಿದ ಮೊಣಕೈ ಇದ್ದ ಹಾಗೆ, ಲಾಂಗ್ ಬೆಂಡ್ ಕುಡುಗೋಲಿನ ಹಾಗೆ ಸಾವಕಾಶ ಬಾಗಿರುತ್ತದೆ. ಅಡ್ಡಿ ಎಲ್ಬೋಗಿಂತ ಮೂರನೇ ಒಂದು ಪಾಲಿನಷ್ಟಾದರೂ ಕಡಿಮೆ. ಜಾಗ ಮಾತ್ರ ಜಾಸ್ತಿ ಬೇಕು, ಗೋಡೆಯೊಳಗೆ ಕೂರುವುದಿಲ್ಲ.

ಪ್ಯಾರಾಪೆಟ್ ಮೇಲೆ ಹತ್ತಿ ಇಳಿಯುವ ಪೈಪು ನೋಡಿ ಕಾಕಾ ಸ್ವಲ್ಪ ಸಿಟ್ಟೇ ಆದರು. ತಲೆಕೆಳಗಾದ ಯು ಆಕಾರ ಅದು. ಟಾಕಿ ಖಾಲಿಯಾಗಿ ತುಂಬಿದಾಗಲೆಲ್ಲ ಆ ಉಬ್ಬಿನಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ನಮ್ಮಂಥ ಕಡಿಮೆ ಎತ್ತರದ ಟಾಕಿಯ ನೀರಿಗೆ ಆ ಗಾಳಿ ತಳ್ಳುವ ತಾಕತ್ತಿಲ್ಲ. ನಮ್ಮ ಶವರ್ ಕೆಲವೊಮ್ಮೆ ಕೆಮ್ಮುತ್ತಿದ್ದುದು ಇದಕ್ಕೇ! ಗೋಡೆಗೆ ತೂತು ಹೊಡೆದು ನೇರ ದಾಟಿಸಿ, ಟಾಕಿ ಹತ್ತಿರ ಒಂದು ಗಾಳಿ ಪೈಪು ನೀರಿನ ಮಟ್ಟಕ್ಕಿಂತ ಮೇಲೆ ತೆರೆದು ಬಿಡಿ ಎಂದರು. ಒಂದು ತೂತಿನಿಂದ ನಾಲ್ಕು ಎಲ್ಬೋ ಉಳಿಯಿತು.

ಕೆಲಸಕ್ಕೆ ಬೇರೆ ಪ್ಲಂಬರ್ ಬಂದ, ಕಾಕಾ ಗುರುತಿನವನು. ಹಳೇ ಲೈನು ಕತ್ತರಿಸಿದಾಗ ಒಂದು ಎಲ್ಬೋ ಒಳಗೆ ಸಲ್ಯೂಷನ್ (ಪೈಪು ಅಂಟಿಸುವ ಗೋಂದು) ಗಡ್ಡೆ ಕಟ್ಟಿ ಅರ್ಧ ಬಾಯಿ ಮುಚ್ಚಿತ್ತು. ಮೊದಲ ಪ್ಲಂಬರ್ ಎಲ್ಬೋ ಒಳಗೆ ಢಾಳಾಗಿ ಬಳಿದು ಪೈಪು ತಳ್ಳಿದ್ದ, ಹೆಚ್ಚಾದದ್ದು ಮುಂದೆ ಹೋಗಿ ಒಣಗಿತ್ತು. ಹ್ಯಾಕ್ಸಾದಿಂದ ಕತ್ತರಿಸಿದ ಪೈಪಿನ ಬಾಯಿ ಉಜ್ಜಿರಲಿಲ್ಲ, ದಾರದಂಥ ಚೂರು ಅಲ್ಲೇ ನೇತಾಡುತ್ತಿತ್ತು. ಹಾಗಾಗಿ ಪ್ರಾಮಾಣಿಕವಾಗಿ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ನೀರು ಹೆಚ್ಚಿದ್ದರಲ್ಲಿ ತಿರುವು ಕಡಿಮೆಯಾದದ್ದರ ಪಾಲೆಷ್ಟು, ಗಡ್ಡೆ ಹೋದದ್ದರ ಪಾಲೆಷ್ಟು ಅಂತ ಬೇರೆ ಮಾಡಿ ಹೇಳಲು ನನ್ನಿಂದ ಆಗದು. ಫಲಿತಾಂಶ ಹೇಳ್ತೀನಿ. ಶವರ್ ಕೆಳಗೆ 15 ಲೀಟರ್ ಬಕೆಟ್ಟು ಇಟ್ಟು ಮೊಬೈಲಿನಲ್ಲಿ ಸಮಯ ನೋಡಿದ್ದೆ. ಮೊದಲು ಮೂರೂವರೆ ನಿಮಿಷ. ಈಗ ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ. 9 ಎಲ್ಬೋ ಇದ್ದಲ್ಲಿ ಈಗ 5 ತಿರುವು, ಅದರಲ್ಲಿ ಎರಡು ಟೈಲ್ಸ್ ಒಳಗಿನವು, ಅವನ್ನು ಮುಟ್ಟಲಿಲ್ಲ. ಹೋಟೆಲಿನ ಶವರ್ ಹಾಗೆ ಚುಚ್ಚುವುದಿಲ್ಲ. ತಲೆಗೆ ಹಾಕಿದ ಸೀಗೆಪುಡಿ ಹೋಗುತ್ತದೆ, ಸಾಕು.

ಖರ್ಚು ಸಾಮಾನಿಗೆ 2,140 ರೂಪಾಯಿ, ಕೂಲಿ 1,200. ಪಂಪಿನ ದುಡ್ಡು ಉಳಿಯಿತು, ಕರೆಂಟ್ ಬಿಲ್ಲೂ ಉಳಿಯಿತು.

ಅದೇ ವಾರ ಅತ್ತೆಯವರ ಬಚ್ಚಲ ಮೋರಿ ಕಟ್ಟಿತು, ತಿಂಗಳಿಗೊಮ್ಮೆ ಕಟ್ಟುವುದೇ ಅದು. ಅಲ್ಲೂ ತಿರುವಿನದೇ ಕಥೆ. ನಾಲ್ಕು ಇಂಚಿನ ಲೈನಿಗೆ ಬಚ್ಚಲ ಪೈಪು ಸೀದಾ ಅಡ್ಡಡ್ಡ ಬಂದು ಟೀಯಲ್ಲಿ ಬಡಿಯುತ್ತಿತ್ತು. ಎದುರು ಗೋಡೆಗೆ ಬಡಿದ ನೀರು ಎರಡೂ ಕಡೆ ಚೆಲ್ಲುತ್ತೆ, ಕೂದಲು ಸೋಪು ಅಲ್ಲೇ ಕೂರುತ್ತವೆ. ಕಾಕಾ ಅಲ್ಲಿ ಟೀ ಬದಲು ಇಂಗ್ಲಿಷಿನ ವೈ ಆಕಾರದ ತುಂಡು ಕೊಟ್ಟರು. ಹೊಲದ ಕಾಲುದಾರಿ ಬಂದು ರಸ್ತೆಗೆ ಸೇರಿದ ಹಾಗೆ, ನೀರು ಹೋಗುವ ದಿಕ್ಕಿಗೇ ಓರೆಯಾಗಿ ಸೇರುತ್ತದೆ. ಮೇಲಿಂದ ಇಳಿದ ಪೈಪು ನೆಲದಲ್ಲಿ ಅಡ್ಡ ತಿರುಗುವ ಜಾಗಕ್ಕೆ ಎರಡು 45 ಬೆಂಡು (ಇಲ್ಲಿ ಅಡ್ಡಿಯ ಲೆಕ್ಕ ಮುಖ್ಯವಲ್ಲ, ಕಸ ನಿಲ್ಲಬಾರದು ಅಷ್ಟೇ), ಪಕ್ಕದಲ್ಲೇ ಒಂದು ಡೋರ್ ಟೀ, ಬೋಲ್ಟು ಬಿಚ್ಚಿ ಕೈ ಹಾಕಿ ತೆಗೆಯುವ ಬಾಗಿಲು ಇರುವಂಥದ್ದು. ಹತ್ತು ಅಡಿಗೆ ಮೂರು ಇಂಚು ಇಳಿಜಾರು ಇರಲಿ ಎಂದು ಪ್ಲಂಬರ್‌ಗೆ ಎರಡೆರಡು ಸಲ ಹೇಳಿದರು. ಮೇಲಿನ ಫರಸಿ ಕಲ್ಲು ಎಬ್ಬಿಸಿ ಕೂರಿಸುವುದರಲ್ಲಿ ಎರಡು ಕಲ್ಲು ಒಡೆದವು, ಅತ್ತೆಯವರು ಇನ್ನೂ ಆ ಮಾತು ಬಿಟ್ಟಿಲ್ಲ. ಮೋರಿ ಮಾತ್ರ ನಾಲ್ಕು ತಿಂಗಳಿಂದ ಕಟ್ಟಿಲ್ಲ.

ಈಗ ಕುಂದು ಹೇಳ್ತೀನಿ, ಇಲ್ಲಾಂದ್ರೆ ಕಾಕಾ ನಮ್ಮ ನೆಂಟರು ಅಂದುಕೊಳ್ತೀರಿ. ಗಾಡಿ ನಿಲ್ಲಿಸಲು ಜಾಗವೇ ಇಲ್ಲ. ಒಂದು ಇಂಚಿನ ಸಿಪಿವಿಸಿ ಲಾಂಗ್ ಬೆಂಡ್ ಇರಲಿಲ್ಲ, ನಾಳೆ ಬರ್ತದ ಎಂದು ನಾಲ್ಕು ದಿನ ಓಡಾಡಿಸಿದರು. ಆ ನಾಲ್ಕು ದಿನ ಮೇಲಿನ ಮನೆಗೆ ಬಕೆಟ್ಟಿನಲ್ಲಿ ನೀರು ಹೊತ್ತವಳು ನಾನು. ಬಿಲ್ಲು ಕೇಳಿದರೆ ಮಾತ್ರ ಕೊಡುತ್ತಾರೆ, ಮೊದಲು ಸಿಗುವುದು ಸಿಗರೇಟ್ ಪ್ಯಾಕಿನ ಹಿಂಬದಿಯ ಲೆಕ್ಕ. ಮತ್ತೆ ಒಂದು ಅಭ್ಯಾಸ ನನಗೆ ಹಿಡಿಸಲಿಲ್ಲ. ಬೇರೆ ಬೇರೆ ಕಂಪನಿಯ ಫಿಟ್ಟಿಂಗು ಒಂದೇ ಡಬ್ಬದಲ್ಲಿ ಹಾಕಿಡುತ್ತಾರೆ. ನನಗೆ ಕೊಟ್ಟ ಎಲ್ಬೋಗಳಲ್ಲಿ ಒಂದು ಪೈಪಿಗೆ ಸಡಿಲ ಕೂರುತ್ತಿತ್ತು. ಸಲ್ಯೂಷನ್ ಹಚ್ಚದೆ ಒಣಗಿದ್ದಾಗ ಪೈಪು ಮೂರನೇ ಒಂದರಿಂದ ಮೂರನೇ ಎರಡು ಭಾಗ ಸರಾಗ ಹೋಗಿ ಆಮೇಲೆ ಬಿಗಿಯಾಗಬೇಕು. ಪೂರ್ತಿ ಸಡಿಲ ಇದ್ದರೆ ವಾಪಸ್ ಕೊಡಿ. ನಾನು ಕೊಟ್ಟೆ, ಜಗಳವಿಲ್ಲದೆ ಬದಲಿಸಿದರು.

ಇನ್ನೊಂದಕ್ಕೆ ಪೂರ್ತಿ ಮಾರ್ಕ್ಸು. ನಾನು ಕೂತಿದ್ದಾಗ ಒಬ್ಬರು ಬಂದು ಬೆಂಡ್ ಯಾಕೆ ಕೊಳ್ಳೋದು, ನಮ್ಮ ಹುಡುಗ ಪೈಪೇ ಬೆಂಕಿಗೆ ಹಿಡಿದು ಬಾಗಿಸ್ತಾನೆ ಎಂದರು. ಕಾಕಾ ಮೂಲೆಯಿಂದ ಹಾಗೆ ಬಾಗಿಸಿದ ಒಂದು ತುಂಡು ತಂದು ಗರಗಸದಿಂದ ಸೀಳಿದ್ದನ್ನು ತೋರಿಸಿದರು. ಹೊರಬದಿ ಎಳೆದು ತೆಳ್ಳಗಾಗಿದೆ, ಒಳಬದಿ ಸುಕ್ಕು, ನಡುವೆ ಪೈಪು ಚಪ್ಪಟೆ. ನೀರು ಒತ್ತುವುದು ಹೊರಬದಿಗೇ, ತೆಳುವಾಗಿದ್ದೂ ಅದೇ. ನಮ್ಮೂರಿನ ಮೇ ತಿಂಗಳ ಬಿಸಿಲು 42, 43 ಮುಟ್ಟಿದಾಗ ಮಾಳಿಗೆ ಮೇಲಿನ ಪ್ಲಾಸ್ಟಿಕ್ ಪೈಪು ಮೊದಲೇ ಮೆತ್ತಗಾಗಿರುತ್ತದೆ. ಅವರು ಬೆಂಡ್ ಕೊಂಡರೋ ಇಲ್ಲವೋ ನೋಡಲಿಲ್ಲ, ನನಗೆ ಶಾಲೆಗೆ ಹೊತ್ತಾಗಿತ್ತು. ಆ ಸೀಳಿದ ತುಂಡು ಮಾತ್ರ ಒಂದು ದಿನದ ಮಟ್ಟಿಗೆ ಕೇಳಿ ಒಯ್ದು ಒಂಬತ್ತನೇ ಕ್ಲಾಸಿಗೆ ತೋರಿಸಿದೆ.

ಹೋಗುವವರು ಮಧ್ಯಾಹ್ನ ಮೂರರ ಮೇಲೆ ಹೋಗಿ, ಬೆಳಿಗ್ಗೆ ಪ್ಲಂಬರ್‌ಗಳ ಗುಂಪಿರುತ್ತದೆ, ನಿಮ್ಮ ಜೊತೆ ಮಾತಾಡಲು ಪುರುಸೊತ್ತು ಇರಲ್ಲ. ಚಿತ್ರ ಬರೆದುಕೊಂಡು ಹೋಗಿ, ಎಲ್ಲಿ ಯಾವ ಕಡೆಗೆ ತಿರುಗುತ್ತೆ ಅಂತ ಬಾಣ ಹಾಕಿ. ಸಲ್ಯೂಷನ್ ಹಚ್ಚದ ಫಿಟ್ಟಿಂಗು ಉಳಿದರೆ ವಾಪಸ್ ತಗೊಳ್ತಾರೆ. ನನ್ನದು ನಾಲ್ಕು ಎಲ್ಬೋ ಉಳಿದಿತ್ತು, 72 ರೂಪಾಯಿ ಕೊಟ್ಟರು. ಮೊಂಡು ಪೆನ್ಸಿಲ್ ಕೂಡ ವಾಪಸ್ ಕೇಳಿದರು.